ಸರಿಯುವ ಕೇರಿ, ನಿಂತ ಕೇರಿ

ಕಡಲಿಗೂ ಗುಡ್ಡಕ್ಕೂ ನಡುವೆ ಒಂದು ಊರಿತ್ತು. ಊರಿನ ನಡುವೆ ಒಂದು ಹಳ್ಳ ಹರಿಯುತ್ತಿತ್ತು. ಹಳ್ಳದ ಈಚೆ ಸರಿಯುವ ಕೇರಿ, ಆಚೆ ನಿಂತ ಕೇರಿ.

ಹದಿನಾಲ್ಕು ತಿಂಗಳಿಗೊಮ್ಮೆ ಸರಿಯುವ ಕೇರಿ ಕಡಲ ಕಡೆಗೆ ನಾಲ್ಕು ಬೆರಳು ಸರಿಯುತ್ತಿತ್ತು. ಒಂದೇ ಏಟಿಗೆ ಅಲ್ಲ, ಹತ್ತೊಂಬತ್ತು ದಿನ ಹಿಡಿಯುತ್ತಿತ್ತು. ಆ ದಿನಗಳಲ್ಲಿ ಗೋಡೆ ಬಿರಿಯುತ್ತಿರಲಿಲ್ಲ, ಗಡಿಗೆ ಉರುಳುತ್ತಿರಲಿಲ್ಲ, ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಎಚ್ಚರವಾಗುತ್ತಿರಲಿಲ್ಲ. ನೆಲಕ್ಕೆ ಕಿವಿಯಿಟ್ಟವರಿಗೆ ಮಾತ್ರ, ಬಹಳ ಕೆಳಗೆ ಯಾರೋ ಹಲ್ಲು ಕಚ್ಚಿಕೊಂಡು ಗೊಣಗುತ್ತಿರುವಂಥ ಸದ್ದು ಕೇಳುತ್ತಿತ್ತು. ಇಪ್ಪತ್ತನೆಯ ದಿನ ಬೆಳಗ್ಗೆ ಅದು ನಿಲ್ಲುತ್ತಿತ್ತು. ಹಳ್ಳದ ಮೇಲಿನ ಸೇತುವೆಯ ಹಲಗೆ ಆಚೆ ದಡದ ಕಂಬದಿಂದ ನಾಲ್ಕು ಬೆರಳು ದೂರ ಹೋಗಿರುತ್ತಿತ್ತು.

ಊರಿಗೊಂದು ಕಟ್ಟಳೆಯಿತ್ತು. ನೆಲ ಒಯ್ದದ್ದನ್ನು ಕೈ ಹಿಂದಕ್ಕೆ ತರಬೇಕು. ಆದ್ದರಿಂದ ಆ ಹತ್ತೊಂಬತ್ತು ದಿನವೂ ಸರಿಯುವ ಕೇರಿಯವರು ಮನೆಯೊಳಗಿನ ಪ್ರತಿಯೊಂದನ್ನೂ ಗುಡ್ಡದ ಕಡೆಗೆ ನಾಲ್ಕು ಬೆರಳು ತಳ್ಳುತ್ತಿದ್ದರು. ಮಂಚ ತಳ್ಳುವರು, ಪೆಟ್ಟಿಗೆ ತಳ್ಳುವರು, ರುಬ್ಬುವ ಕಲ್ಲು ತಳ್ಳುವರು. ಹಾಸಿಗೆ ಹಿಡಿದ ಮುದುಕರನ್ನು ಚಾಪೆಯ ಸಮೇತ ತಳ್ಳುವರು. ಕೊನೆಗೆ ಮನೆಗಳನ್ನೇ ತಳ್ಳುವರು. ಅವರ ಮನೆಗಳ ಕಂಬಗಳು ನೆಲದಲ್ಲಿ ಹೂತಿರಲಿಲ್ಲ, ಚಪ್ಪಟೆ ಕಲ್ಲುಗಳ ಮೇಲೆ ನಿಂತಿದ್ದವು. ಹತ್ತು ಜನ ಒಂದು ಕಂಬಕ್ಕೆ ಹೆಗಲು ಕೊಟ್ಟು, 'ನೀನು ಒಯ್ದಷ್ಟು ನಿನ್ನದು, ನಾನು ತಂದಷ್ಟು ನನ್ನದು' ಎಂದು ಒಂದೇ ರಾಗದಲ್ಲಿ ಹೇಳುತ್ತ ನೂಕುತ್ತಿದ್ದರು. ಇದು ಎಂದು ಶುರುವಾಯಿತೋ ಯಾರಿಗೂ ಗೊತ್ತಿರಲಿಲ್ಲ. ಕೇಳಿದರೆ, ನಮ್ಮ ಊರು ಇದ್ದ ಜಾಗದಲ್ಲೇ ಇರಬೇಡವೇ ಎನ್ನುತ್ತಿದ್ದರು.

ನಿಂತ ಕೇರಿಗೆ ಈ ಗೋಳಿರಲಿಲ್ಲ. ಅದು ಎಂದೂ ಒಂದು ಕೂದಲೆಳೆಯಷ್ಟೂ ಕದಲಿದ್ದಿಲ್ಲ. ಅಲ್ಲಿನ ಕಂಬಗಳು ಆಳಕ್ಕೆ ಹೂತಿದ್ದವು, ಗೋಡೆಗಳು ಎರಡಾಳೆತ್ತರ ಏರಿದ್ದವು. ಪಾತ್ರೆಗಳನ್ನು ಒಂದರ ಮೇಲೊಂದು ಸೂರು ಮುಟ್ಟುವ ತನಕ ಪೇರಿಸಿಡುವುದು ಅಲ್ಲಿನವರ ಹೆಮ್ಮೆ. ಮಧ್ಯಾಹ್ನ ಉಂಡ ಮೇಲೆ ಬಾಗಿಲು ಹಾಕಿ ಎಲ್ಲರೂ ಮಲಗುತ್ತಿದ್ದರು. ಹಳ್ಳದ ಈಚೆ ನಿಂತು ನೋಡಿದರೆ ಆ ನಿದ್ದೆ ಕಾಣಿಸುತ್ತಿತ್ತು. ಸರಿಯುವ ಕೇರಿಯ ಹೆಣ್ಣುಮಕ್ಕಳು ಅದನ್ನು ನೋಡುತ್ತ ನಿಂತುಬಿಡುತ್ತಿದ್ದರು.

ಸರಿಯುವ ಕೇರಿಯ ಕೊನೆಯ ಮನೆಯಲ್ಲಿ ಅಳೆಯುವವಳು ಇದ್ದಳು. ಅವಳ ತಾಯಿ, ತಾಯಿಯ ತಾಯಿ, ಅದಕ್ಕೂ ಹಿಂದಿನವರು ಎಲ್ಲರೂ ಕಡಲಿನ ಆಳ ಅಳೆದವರೇ. ಮುನ್ನೂರು ಮಾರು ಹಗ್ಗ, ಮಾರಿಗೊಂದು ಗಂಟು, ತುದಿಗೊಂದು ಕಲ್ಲುಗುಂಡು. ಗುಂಡಿನ ತಳದಲ್ಲಿ ಕುಳಿ ಮಾಡಿ ಮೇಣ ತುಂಬಿದ್ದರು. ದೋಣಿಯಿಂದ ಇಳಿಬಿಟ್ಟು ಎಳೆದುಕೊಂಡರೆ, ಎಷ್ಟು ಆಳ ಎಂದು ಗಂಟು ಹೇಳುತ್ತಿತ್ತು, ತಳ ಎಂಥದ್ದು ಎಂದು ಮೇಣಕ್ಕೆ ಅಂಟಿದ್ದು ಹೇಳುತ್ತಿತ್ತು. ಅದನ್ನು ನೋಡಿ ಅವಳು ಮನೆಯಲ್ಲಿದ್ದ ಮರದ ತೊಟ್ಟಿಯಂಥ ದೊಡ್ಡ ಮರಿಗೆಯ ಜೇಡಿಮಣ್ಣಿನಲ್ಲಿ ಕಡಲ ತಳವನ್ನು ತಿದ್ದುತ್ತಿದ್ದಳು. ಹಿಂದಿನವರು ತಿದ್ದಿದ ಮರಿಗೆಗಳು ಅಟ್ಟದ ಮೇಲೆ ಒಣಗಿ ಸಾಲಾಗಿ ಕೂತಿದ್ದವು.

ಅವಳಿಗೂ ಒಂದು ಕಟ್ಟಳೆಯಿತ್ತು. ಹಗ್ಗ ಹೇಳಿದ್ದನ್ನು ಮಾತ್ರ ಹೇಳಬೇಕು, ಕೇಳಿದಾಗ ಮಾತ್ರ ಹೇಳಬೇಕು, ಒಂದೇ ಸಲ ಹೇಳಬೇಕು. ಹೇಳಿದ ಮಾತಿನ ಮೇಲೆ ಇನ್ನೊಂದು ಮಾತು ಆಡಿದರೆ ಅವಳ ಹಗ್ಗವನ್ನು ಗಂಟುಗಂಟಿಗೆ ಕತ್ತರಿಸಿ ಮನೆಮನೆಗೆ ಹಂಚುವುದು. ಆ ಕಟ್ಟಳೆ ಅವಳಿಗೆ ಭಾರವಾಗಿರಲಿಲ್ಲ, ಅವಳದು ಹುಟ್ಟಿನಿಂದಲೇ ಮಾತು ಕಡಿಮೆ.

ಒಂದು ವರ್ಷ ಸರಿಯುವ ದಿನಗಳಲ್ಲಿ, ಊರ ಯಜಮಾನನ ತಂದೆ ತಳ್ಳಿಸಿಕೊಳ್ಳುತ್ತಲೇ ತೀರಿಕೊಂಡ. ನಾಲ್ಕು ಬೆರಳಿಗೆ ಎರಡೇ ಬೆರಳು ಉಳಿದಿತ್ತು. ಯಜಮಾನ ಚಾಪೆಯ ಅಂಚನ್ನು ಹಿಡಿದುಕೊಂಡೇ ಕೂತ. ಆಮೇಲೆ ಎದ್ದು ಹೊರಗೆ ಬಂದು, ಸಾಕು ಎಂದ.

ಊರು ಸೇರಿತು. ಎಲ್ಲರೂ ಹಳ್ಳ ದಾಟೋಣ, ಆಚೆ ಜಾಗ ಬೇಕಾದಷ್ಟಿದೆ, ನಾವೂ ಕಂಬ ಹೂತು ಬದುಕೋಣ ಎಂದ ಯಜಮಾನ. ಒಬ್ಬ ಮುದುಕಿ ಎದ್ದು, "ಹೋಗೋದು ಸರಿಯಪ್ಪ, ಆ ನೆಲದ ಬುಡ ಎಂಥದ್ದು ಅಂತ ನೋಡಬೇಡ್ವ? ಬುಡ ನೋಡದೆ ಗಡಿಗೇನೂ ತಗೊಳ್ಳಲ್ಲ ನಾವು" ಎಂದಳು. ಎಲ್ಲರೂ ಅಳೆಯುವವಳ ಕಡೆ ತಿರುಗಿದರು.

ಅವಳು ಹನ್ನೊಂದು ದಿನ ಕಡಲಿನಲ್ಲಿದ್ದಳು. ತಮ್ಮ ಕೇರಿಯ ಎದುರು ಗುಂಡು ಒಂದು ಕಡೆ ನಲವತ್ತು ಮಾರಿಗೆ ತಾಕಿತು, ಹತ್ತು ಹುಟ್ಟು ಹಾಕುವುದರೊಳಗೆ ಇನ್ನೂರಕ್ಕೂ ತಾಕಲಿಲ್ಲ. ಮೇಣ ಹರಿದು ಬಂತು, ಗುಂಡು ಎರಡು ಸಲ ಸಂದಿಗೆ ಸಿಕ್ಕಿಕೊಂಡಿತು. ನಿಂತ ಕೇರಿಯ ಎದುರು ಹಗ್ಗ ಪ್ರತಿ ಸಲವೂ ನೂರ ತೊಂಬತ್ತನೆಯ ಗಂಟಿಗೇ ಸಡಿಲವಾಯಿತು. ಮೇಣದಲ್ಲಿ ಮೆತ್ತನೆಯ ಬೂದು ಕೆಸರು, ಅದರಲ್ಲೊಂದು ಗೀರಿಲ್ಲ.

"ಏನು ಕಂಡೆಯಮ್ಮ?" ಎಂದು ಯಜಮಾನ ಕೇಳಿದ.

"ನಮ್ಮೆದುರು ಗುಡ್ಡ, ಗುಂಡಿ, ಬಂಡೆ. ಒಂದರ ಹಾಗೆ ಒಂದಿಲ್ಲ. ಅವರೆದುರು ಸಾರಿಸಿದ ಅಂಗಳದ ಹಾಗಿದೆ."

ಜನ ಕೂಗು ಹಾಕಿದರು. ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಕೆಳಗೆ ಅಂಗಳ ಹಸನಾಗಿದ್ದರೆ ಮೇಲೆ ಮನೆಯೂ ಹಸನು, ಇದಕ್ಕಿಂತ ಇನ್ನೇನು ಬೇಕು? ಅಳೆಯುವವಳಿಗೆ ಎದೆಯಲ್ಲಿ ಏನೋ ಒಂದು ಕದಲಿದ ಹಾಗಾಯಿತು. ಅದೇನೆಂದು ಅವಳಿಗೇ ತಿಳಿಯಲಿಲ್ಲ, ಯಾರೂ ಅದನ್ನು ಕೇಳಲೂ ಇಲ್ಲ. ಅವಳು ಹಗ್ಗ ಸುತ್ತಿಕೊಂಡು ಮನೆಗೆ ಹೋದಳು.

ಒಂದು ತಿಂಗಳೊಳಗೆ ಸರಿಯುವ ಕೇರಿ ಖಾಲಿಯಾಯಿತು. ರುಬ್ಬುವ ಕಲ್ಲುಗಳನ್ನೂ ಹಳೆಯ ಮಂಚಗಳನ್ನೂ ಬಿಟ್ಟು ಉಳಿದದ್ದೆಲ್ಲ ಹಳ್ಳ ದಾಟಿತು. ದೋಣಿ ಕಟ್ಟುವ ಜಾಗ ಈಚೆ ದಡದಲ್ಲಿದ್ದುದರಿಂದ ಅವಳೊಬ್ಬಳು ಹಿಂದುಳಿದಳು.

ಅವಳ ಅಕ್ಕನನ್ನು ಮೂವತ್ತು ವರ್ಷದ ಹಿಂದೆಯೇ ನಿಂತ ಕೇರಿಗೆ ಕೊಟ್ಟಿದ್ದರು. ಒಂದು ಮಧ್ಯಾಹ್ನ ಅವಳು ಅಕ್ಕನ ಮನೆಗೆ ಊಟಕ್ಕೆ ಹೋದಳು. ಅಕ್ಕನ ಮಗ, ಸೊಸೆ ಆಗಲೇ ಉಂಡು ಮಲಗಿದ್ದರು. ಮೊಮ್ಮಗಳು ತೊಟ್ಟಿಲಲ್ಲಿದ್ದಳು.

"ಬಾರೇ, ಬಾ. ಊರೆಲ್ಲ ಬಂತು, ನೀನೊಬ್ಬಳು ಅಲ್ಲಿ ಯಾವ ಗಂಡನ್ನ ಕಾಯ್ತಾ ಕೂತಿದ್ದೀಯ?"

"ದೋಣಿ ಇದೆ."

"ದೋಣಿ ಕಟ್ಟಿಕೊಂಡವಳು ನೀನೊಬ್ಬಳೇ ಕಣೆ ಈ ಲೋಕದಲ್ಲಿ" ಎಂದು ನಗುತ್ತ ಅಕ್ಕ ಸೂರಿನ ತನಕ ಪೇರಿಸಿದ್ದ ಪಾತ್ರೆಗಳಿಂದ ಎರಡು ಲೋಟ ತೆಗೆದಳು. ಎರಡೂ ಹೊಸವು, ಕನ್ನಡಿಯ ಹಾಗೆ ನುಣುಪು. ಒಂದರೊಳಗೊಂದು ಕಚ್ಚಿಕೊಂಡಿದ್ದವು. ಅಕ್ಕ ಎಳೆದಳು. ತಿರುಚಿದಳು. ಸೆರಗಿನಲ್ಲಿ ಹಿಡಿದು ಎಳೆದಳು. ನೆಲಕ್ಕೆ ಕುಟ್ಟಿದಳು. ಅವು ಅಲ್ಲಾಡಲಿಲ್ಲ.

"ಬಿಡು ಅಕ್ಕ."

"ಬಿಡೋದೇನು? ನಾನೋ ಇವೋ ನೋಡೇಬಿಡ್ತೀನಿ." ಅಕ್ಕ ಲೋಟವನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿ, ಉಸಿರು ಹಿಡಿದು ಜಗ್ಗಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅದು ಒಮ್ಮೆಗೇ ಬಿಟ್ಟಿತು. ಅಕ್ಕ ಹಿಂದಕ್ಕೆ ಅಂಗಾತ ಬಿದ್ದಳು. ಕೈಯಲ್ಲಿದ್ದ ಲೋಟ ಹಾರಿ ಪೇರಿಸಿದ ಸಾಲಿಗೆ ಬಡಿಯಿತು, ಸಾಲಿಗೆ ಸಾಲೇ ಸೂರಿನಿಂದ ಕೆಳಗೆ ಸುರಿಯಿತು. ಕೂಸು ಎದ್ದು ಕಿರುಚಿತು.

ಪಾತ್ರೆಗಳ ನಡುವೆ ಕೂತು ಅಕ್ಕ ನಕ್ಕಳು. ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. "ಅಮ್ಮನ ಮನೆಯ ನೆಗ್ಗಿದ ಲೋಟ ಒಂದು ದಿನಾನಾದ್ರೂ ಹೀಗೆ ಮಾಡಿತ್ತೇನೆ? ಇಟ್ಟರೂ ಗಲಗಲ, ತೆಗೆದರೂ ಗಲಗಲ. ಹಾಳು ಸದ್ದು ಅಂತ ಬೈತಿದ್ದೆ ನಾನು."

ಅಳೆಯುವವಳು ನಗಲಿಲ್ಲ. ಅವಳ ಕಣ್ಣು ಬಿಟ್ಟುಕೊಂಡ ಆ ಎರಡು ಲೋಟಗಳ ಮೇಲಿತ್ತು. ಅವಳು ಊಟಕ್ಕೂ ನಿಲ್ಲದೆ ಎದ್ದು, ಹಳ್ಳ ದಾಟಿ ಓಡಿದಳು.

ಅಟ್ಟ ಹತ್ತಿ ಹಳೆಯ ಮರಿಗೆಗಳನ್ನೆಲ್ಲ ಇಳಿಸಿ ಅಂಗಳದಲ್ಲಿ ಸಾಲಾಗಿ ಇಟ್ಟಳು. ಎಲ್ಲಕ್ಕಿಂತ ಹಳೆಯದರಲ್ಲಿ ಅವರ ಕೇರಿಯ ಎದುರು ಏಳು ಗುಡ್ಡಗಳಿದ್ದವು. ಅದರ ಮುಂದಿನದರಲ್ಲೂ ಏಳು, ಆದರೆ ಎಲ್ಲವೂ ದಡಕ್ಕೆ ಕೂದಲೆಳೆಯಷ್ಟು ಹತ್ತಿರ. ಅಜ್ಜಿಯದರಲ್ಲಿ ಎಲ್ಲಕ್ಕಿಂತ ಮುಂದಿನ ಗುಡ್ಡದ ಪಾದ ದಡದ ಕೆಳಗಿನ ಕೊಳ್ಳಕ್ಕೆ ಇಳಿದಿತ್ತು. ಅವಳು ತಾನೇ ತಿದ್ದಿದ್ದರಲ್ಲಿ ಆರೇ ಇದ್ದವು. ಏಳನೆಯದು ಕೊಚ್ಚಿ ಹೋಗಿರಲಿಲ್ಲ, ಕರಗಿರಲಿಲ್ಲ. ಅದು ಊರಿನ ಕೆಳಗೆ ಹೋಗಿತ್ತು. ಕಡಲ ತಳ ನಡೆಯುತ್ತಿತ್ತು. ತಲೆಮಾರುಗಳಿಂದ ದಡದ ಕಡೆಗೆ ನಡೆದು, ಕೊಳ್ಳಕ್ಕಿಳಿದು, ಊರಿನ ಅಡಿಗೆ ನುಗ್ಗುತ್ತಿತ್ತು. ಅವರ ಕೇರಿಯ ಕೆಳಗೆ ಗುಡ್ಡ, ಗುಂಡಿ, ಬಂಡೆಗಳ ಸಮೇತ ನುಗ್ಗುತ್ತಿತ್ತು. ಆ ನೆಗ್ಗುಗಳ ಮೇಲೆ ನೆಲ ಕಚ್ಚಿಕೊಳ್ಳಲಾರದೆ, ಗೊಣಗುತ್ತ, ನಾಲ್ಕು ನಾಲ್ಕು ಬೆರಳು ಜಾರಿ ಹಗುರಾಗುತ್ತಿತ್ತು. ನಿಂತ ಕೇರಿಯ ಕೆಳಗೆ ನುಣುಪಿಗೆ ನುಣುಪು ಸೇರಿ ಕಚ್ಚಿಕೊಂಡಿತ್ತು. ಅಲ್ಲೂ ತಳ ಅಷ್ಟೇ ನುಗ್ಗುತ್ತಿತ್ತು. ಆದರೆ ಅದು ಒಂದು ಸಲವೂ ಬಿಟ್ಟಿರಲಿಲ್ಲ, ಬಿಟ್ಟರೆ ಆ ಲೋಟದ ಹಾಗೆ ಒಮ್ಮೆಗೇ ಬಿಡಬೇಕು.

ಮರುದಿನ ಅವಳು ಅಕ್ಕನ ಮುಂದೆ ಕೂತು ಇದನ್ನೆಲ್ಲ ಹೇಳಿದಳು. ಅಷ್ಟು ಮಾತು ಅವಳು ಒಟ್ಟಿಗೆ ಆಡಿದ್ದನ್ನು ಅಕ್ಕ ಹಿಂದೆಂದೂ ಕೇಳಿರಲಿಲ್ಲ.

"ಯಾವಾಗ ಬಿಡುತ್ತೆ ಅದು?" ಅಕ್ಕ ಕೇಳಿದಳು.

"ಗೊತ್ತಿಲ್ಲ."

"ಈ ವರ್ಷವಾ?"

"ಗೊತ್ತಿಲ್ಲ ಅಕ್ಕ."

"ನನ್ನ ಮೊಮ್ಮಗಳ ಕಾಲಕ್ಕಾ?"

"ಇರಬಹುದು. ಅವಳ ಮೊಮ್ಮಗಳ ಕಾಲಕ್ಕೂ ಇರಬಹುದು. ನಾವು ಉಂಡು ಏಳೋದ್ರೊಳಗೂ ಇರಬಹುದು."

"ಹಾಗಿದ್ರೆ ಮೊದಲು ಉಣ್ಣು" ಎಂದು ಅಕ್ಕ ತಟ್ಟೆ ಹಾಕಿದಳು. ಬಡಿಸುತ್ತ ಮೆಲ್ಲಗೆ ಹೇಳಿದಳು: "ಮೂವತ್ತು ವರ್ಷ ಆಯ್ತು ಕಣೆ, ನಾನು ಸೊಂಟ ನೋವಿಲ್ಲದೆ ಮಲಗ್ತಾ ಇರೋದು. ದಿನ ಇಲ್ಲ, ವಾರ ಇಲ್ಲ, ಬರೀ ಒಂದು ಭಯ ತಂದು ಕೊಟ್ಟರೆ ಅದನ್ನ ಎಲ್ಲಿಡಲಿ ನಾನು?"

ಅಳೆಯುವವಳು ಉಣ್ಣಲಾರದೆ ಕೈ ತೊಳೆದಳು. ಅಲ್ಲಿಂದ ನೇರವಾಗಿ ಯಜಮಾನನ ಹೊಸ ಮನೆಗೆ ಹೋಗಿ, ಊರು ಸೇರಿಸಿ ಎಂದಳು. ಯಜಮಾನ ಅವಳ ಮುಖ ನೋಡಿದ. "ಯೋಚನೆ ಮಾಡಮ್ಮ. ಕಟ್ಟಳೆ ಗೊತ್ತಿದೆಯಲ್ಲ?"

"ಗೊತ್ತಿದೆ."

ಊರು ಸೇರಿತು. ಅವಳು ಲೋಟದ ಮಾತಿನಿಂದ ಶುರುಮಾಡಿದಳು. ಅದು ತಪ್ಪಾಯಿತು. ಜನ ನಗತೊಡಗಿದರು.

"ಲೋಟ ಸಿಕ್ಕಿಕೊಂಡರೆ ಊರು ಬಿಡೋದಾ? ಹಾಗಾದ್ರೆ ನಮ್ಮತ್ತೆ ಉಂಗುರ ಸಿಕ್ಕಿಕೊಂಡಾಗಲೇ ನಾವು ಕಾಡಿಗೆ ಹೋಗಬೇಕಿತ್ತು!"

"ಅವತ್ತು ಸಾರಿಸಿದ ಅಂಗಳ ಅಂದವಳು ನೀನೇ ಅಲ್ವೇನೆ?"

"ಅಂಗಳ ಇವತ್ತೂ ಸಾರಿಸಿದ ಹಾಗೇ ಇದೆ" ಎಂದಳು ಅವಳು. "ನನ್ನ ಅಳತೆ ತಪ್ಪಿಲ್ಲ. ಅದನ್ನ ಕೇಳಿ ನೀವು ಹಿಗ್ಗಿದಾಗ ನಾನು ಸುಮ್ಮನೆ ನಿಂತಿದ್ದೆ, ತಪ್ಪಿದ್ದು ಅಲ್ಲಿ. ಅಲುಗೋ ನೆಲವೇ ನಮ್ಮನ್ನ ಇಷ್ಟು ದಿನ ಕಾದದ್ದು. ವಾಪಸ್ ಬನ್ನಿ. ತಳ್ಳೋದು ಬೇಡ ಅಂದರೆ ಬೇಡ, ಬರೀ ಬನ್ನಿ."

ಯಜಮಾನ ಕೆಟ್ಟವನಲ್ಲ. "ನೋಡಮ್ಮ, ಈ ಜನ ಹುಟ್ಟಿದ ಮೇಲೆ ಮೊದಲನೇ ಸಲ ಕೂತಿದ್ದಾರೆ. ಅವರನ್ನ ಎಬ್ಬಿಸು ಅಂತ ನನಗೆ ಹೇಳಬೇಡ" ಎಂದ. ಆಮೇಲೆ ಕತ್ತಿ ತರಿಸಿದ.

ಹಗ್ಗ ಕತ್ತರಿಸುವುದಕ್ಕೆ ಅರ್ಧ ದಿನ ಹಿಡಿಯಿತು. ಮುನ್ನೂರು ಗಂಟು, ಮುನ್ನೂರು ತುಂಡು. ಒಬ್ಬೊಬ್ಬರೂ ಬಂದು ಒಂದೊಂದು ಮಾರು ತೆಗೆದುಕೊಂಡು ಹೋದರು. ಕೆಲವರು ಮೇಕೆ ಕಟ್ಟಿದರು, ಕೆಲವರು ಬಟ್ಟೆ ಒಣಹಾಕಿದರು. ಅಳೆಯುವವಳು ಕೊನೆಯ ತುಂಡು ಹೋಗುವ ತನಕ ನಿಂತು ನೋಡಿ, ಬರಿಗೈಯಲ್ಲಿ ಹಳ್ಳ ದಾಟಿದಳು.

ಆಮೇಲಿನ ತಿಂಗಳುಗಳಲ್ಲಿ ಅವಳಿಗೆ ಕೈಗಳನ್ನು ಎಲ್ಲಿಡಬೇಕೆಂದೇ ತಿಳಿಯುತ್ತಿರಲಿಲ್ಲ. ದೋಣಿಯಲ್ಲಿ ಹೋಗಿ ಕೂತು ನೀರು ನೋಡುವಳು, ವಾಪಸು ಬರುವಳು. ಖಾಲಿ ಮನೆಗಳ ಬಾಗಿಲು ತೆರೆಯುವಳು, ಹಾಕುವಳು. ದಿನಕ್ಕೆ ನಾಲ್ಕು ಸಲ ಹಳ್ಳದ ದಡಕ್ಕೆ ಹೋಗಿ ಆಚೆಯ ಮನೆಗಳನ್ನು ಎಣಿಸುವಳು. ಎಣಿಕೆ ಸರಿಯಾಗಿದ್ದರೆ ಒಂದು ಗಳಿಗೆ ನೆಮ್ಮದಿ. ಮತ್ತೆ ಅರ್ಧ ದಾರಿಗೆ ಬರುವಷ್ಟರಲ್ಲಿ, ಸರಿಯಾಗಿ ಎಣಿಸಿದೆನೋ ಇಲ್ಲವೋ ಎಂದು ಹಿಂದಕ್ಕೆ ತಿರುಗುವಳು.

ಹದಿನಾಲ್ಕನೆಯ ತಿಂಗಳು ನೆಲ ಗೊಣಗತೊಡಗಿತು.

ಅವಳು ತನ್ನ ಮಂಚ ತಳ್ಳಿದಳು. ಮರಿಗೆ ತಳ್ಳಿದಳು. ಪಕ್ಕದ ಖಾಲಿ ಮನೆಗೆ ಹೋಗಿ ಅಲ್ಲಿನ ರುಬ್ಬುವ ಕಲ್ಲು ತಳ್ಳಿದಳು. ಯಾಕೆ ತಳ್ಳುತ್ತಿದ್ದೇನೆಂದು ಅವಳು ಕೇಳಿಕೊಳ್ಳಲಿಲ್ಲ, ಕೇಳಿಕೊಂಡಿದ್ದರೆ ಕೂತುಬಿಡಬೇಕಾಗುತ್ತಿತ್ತು. ಆರನೆಯ ದಿನ ಅವಳು ಮೂರನೆಯ ಮನೆಯ ಕಲ್ಲಿಗೆ ಹೆಗಲು ಕೊಟ್ಟಿದ್ದಾಗ ಪಕ್ಕದಲ್ಲಿ ಇನ್ನೊಂದು ಹೆಗಲು ತಾಗಿತು.

ಅಕ್ಕ. ಕಂಕುಳಲ್ಲಿ ಒಂದು ಬಟ್ಟೆಗಂಟು.

"ಒಂಟಿ ಹೆಂಗಸು, ರುಬ್ಬೋ ಕಲ್ಲು. ನೋಡಿದವರು ಏನಂದುಕೊಂಡಾರು?"

"ಯಾರಿದ್ದಾರೆ ನೋಡೋಕೆ?"

"ಅದೂ ಸರಿ." ಅಕ್ಕ ಸೆರಗು ಸಿಕ್ಕಿಸಿದಳು. "ನಿನ್ನ ಮಾತು ನಂಬಿ ಬಂದೆ ಅಂದುಕೊಳ್ಳಬೇಡ. ಗುಡ್ಡ ನಡೆಯುತ್ತಂತೆ, ನೆಲ ಕಚ್ಚಿಕೊಳ್ಳುತ್ತಂತೆ, ನನಗೊಂದೂ ತಲೆಗೆ ಹೋಗಲಿಲ್ಲ. ಆ ಹಗ್ಗದ ತುಂಡು ನಮ್ಮ ಮನೆಗೂ ಬಂದಿತ್ತು. ಸೊಸೆ ತೊಟ್ಟಿಲಿಗೆ ಕಟ್ಟಿದಳು. ತೂಗೋವಾಗೆಲ್ಲ ಕಣ್ಣೆದುರಿಗೆ ಅದೇ ಗಂಟು, ಅಮ್ಮ ಹಾಕಿದ್ದು. ಇದನ್ನ ಕಳ್ಕೊಳ್ಳೋಕೆ ಇವಳಿಗೇನು ಹುಚ್ಚಾ ಅಂತ ಯೋಚಿಸ್ದೆ. ಹುಚ್ಚಿಲ್ಲ ಅಂತ ನನಗೆ ಗೊತ್ತು. ಮತ್ತೆ ಉಳಿದದ್ದು ಒಂದೇ ಅಲ್ವಾ?"

"ಮಗ, ಸೊಸೆ?"

"ಕರೆದೆ. ಅಮ್ಮಂಗೆ ತವರಿನ ಗೀಳು ಅಂದರು. ಹತ್ತೊಂಬತ್ತು ದಿನ ಮುಗೀಲಿ, ಹೋಗಿ ಜುಟ್ಟು ಹಿಡಿದು ಎಳ್ಕೊಂಡು ಬರ್ತೀನಿ."

ಅಕ್ಕನಿಗೆ ಅಭ್ಯಾಸ ತಪ್ಪಿತ್ತು. ಮೊದಲ ದಿನ ನೆಲಕ್ಕೆ ಕಿವಿಯಿಟ್ಟವಳು ಗೊಣಗಾಟ ಕೇಳಿ ಎದ್ದು ಹೊರಗೆ ಓಡಿದಳು. ಎರಡನೆಯ ದಿನ ಮಂಚವನ್ನು ಕಡಲ ಕಡೆಗೇ ತಳ್ಳಿದಳು. ಮೂರನೆಯ ದಿನದಿಂದ ರಾಗ ನೆನಪಾಯಿತು. 'ನೀನು ಒಯ್ದಷ್ಟು ನಿನ್ನದು, ನಾನು ತಂದಷ್ಟು ನನ್ನದು.' ಇಬ್ಬರೂ ಮನೆಯಿಂದ ಮನೆಗೆ ಹೋದರು. ನಡುನಡುವೆ ಅಕ್ಕ ಸೊಂಟ ಹಿಡಿದುಕೊಂಡು ಕಡಲನ್ನೂ ತಂಗಿಯನ್ನೂ ಒಟ್ಟಿಗೆ ಬೈದಳು.

ಹತ್ತೊಂಬತ್ತನೆಯ ದಿನ ಮುಗಿಯಿತು. ಇಪ್ಪತ್ತನೆಯ ದಿನ ಬೆಳಗ್ಗೆ ಅಳೆಯುವವಳು ನೆಲಕ್ಕೆ ಕಿವಿಯಿಟ್ಟಳು. ಗೊಣಗಾಟ ನಿಂತಿರಲಿಲ್ಲ.

ಅವಳು ಸೇತುವೆಗೆ ಹೋಗಿ ಹಲಗೆಗೂ ಕಂಬಕ್ಕೂ ನಡುವೆ ಬೆರಳಿಟ್ಟಳು. ನಾಲ್ಕು ಬೆರಳಿನ ಪಕ್ಕದಲ್ಲಿ ಐದನೆಯದು ಸಲೀಸಾಗಿ ಹಿಡಿಯಿತು. ಮಧ್ಯಾಹ್ನ ಮತ್ತೆ ನೋಡಿದಳು. ಇಡೀ ಗೇಣು ಹಿಡಿಯಿತು.

"ಯಾಕೆ ನಿಲ್ತಿಲ್ಲ?" ಅಕ್ಕ ಹಿಂದೆಯೇ ಬಂದು ನಿಂತಿದ್ದಳು.

"ಗೊತ್ತಿಲ್ಲ. ಹಿಂದೆ ಹೀಗೆ ಆಗಿಲ್ಲ."

"ನಮಗೇನಾದರೂ ಆಗುತ್ತಾ?"

"ನಮಗಲ್ಲ." ಅವಳು ಆಚೆ ದಡದ ಕಂಬದ ಮೇಲೆ ಅಂಗೈಯಿಟ್ಟಳು. ಆ ಕಂಬ ಬಿಗಿದುಕೊಂಡಿತ್ತು. ಭಾರ ಎತ್ತುವವನ ತೋಳು ಮುಟ್ಟಿದ ಹಾಗಿತ್ತು. "ಇಲ್ಲಿ ಸರಿದಷ್ಟೂ ಭಾರ ಆ ಕೇರಿ ಹೆಗಲಿಗೆ ಬೀಳ್ತಿದೆ ಅಕ್ಕ."

ಅಕ್ಕ ಸೀರೆ ಎತ್ತಿಕಟ್ಟಿದಳು. ಹಲಗೆಯಿಂದ ಜಿಗಿದು ದಾಟಿದಳು. ಅಳೆಯುವವಳೂ ದಾಟಿದಳು.

ನಿಂತ ಕೇರಿ ಉಂಡು ಮಲಗಿತ್ತು. ಬಿಸಿಲಿನಲ್ಲಿ ಬೀದಿ ಬಿಳಿಚಿಕೊಂಡಿತ್ತು, ಒಂದು ನಾಯಿಯೂ ಇರಲಿಲ್ಲ. ಅಕ್ಕ ತನ್ನ ಮನೆಯ ಬಾಗಿಲನ್ನು ಎರಡೂ ಕೈಯಲ್ಲಿ ಬಡಿದಳು. ಮಗ ಕಣ್ಣುಜ್ಜಿಕೊಳ್ಳುತ್ತ ಬಂದ. "ಏನಮ್ಮ?" ಎನ್ನುವಷ್ಟರಲ್ಲಿ ಅಕ್ಕ ಅವನನ್ನು ಪಕ್ಕಕ್ಕೆ ನೂಕಿ ಒಳಗೆ ಹೋಗಿ, ಕೂಸನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಹೊರಬಂದಳು. ಸೊಸೆ ಕೂಗುತ್ತ ಹಿಂದೆಯೇ ಓಡಿಬಂದಳು. ಅಕ್ಕ ತಿರುಗಿ ನೋಡದೆ ಹಳ್ಳದ ಕಡೆಗೆ ನಡೆದಳು, ಆಮೇಲೆ ಓಡಿದಳು. ಸೊಸೆಯೂ ಓಡಿದಳು, ಸೊಸೆಯ ಹಿಂದೆ ಮಗನೂ ಓಡಿದ.

ಅಳೆಯುವವಳು ಪಕ್ಕದ ಬಾಗಿಲು ಬಡಿದಳು, ಅದರ ಪಕ್ಕದ್ದು ಬಡಿದಳು. ಮೂರನೆಯದು ಯಜಮಾನನ ಮನೆ. ಅವನು ಪಂಚೆ ಬಿಗಿದುಕೊಳ್ಳುತ್ತ ಬಾಗಿಲು ತೆರೆದ. ಅವನ ಹಿಂದೆ ಕತ್ತಲಾದ ಪಡಸಾಲೆಯಲ್ಲಿ ಮನೆಮಂದಿಯೆಲ್ಲ ಸಾಲಾಗಿ ಮಲಗಿದ್ದರು.

"ಏನಾಯ್ತಮ್ಮ?"

"ಇನ್ನೂ ಏನೂ ಆಗಿಲ್ಲ."

ಅವನು ಹೊರಗೆ ಇಣುಕಿ ಬೀದಿ ನೋಡಿದ.

"ಮತ್ತೆ?"

"ಅಷ್ಟೇ. ಎಲ್ಲರನ್ನೂ ಎಬ್ಬಿಸಿ."

ಯಜಮಾನ ಅವಳನ್ನು ನೋಡಿದ. ತಿರುಗಿ ಮಲಗಿದವರನ್ನು ನೋಡಿದ. ಒಂದು ಕೈ ಬಾಗಿಲ ಮೇಲೆಯೇ ಇತ್ತು. ಅದನ್ನು ಹಾಕುತ್ತಾನೋ ತೆರೆಯುತ್ತಾನೋ ನೋಡುವುದಕ್ಕೆ ಅವಳು ನಿಲ್ಲಲಿಲ್ಲ. ಬೀದಿಯುದ್ದಕ್ಕೂ ಇನ್ನೂ ಬಾಗಿಲುಗಳಿದ್ದವು, ಎಲ್ಲಕ್ಕೂ ಒಳಗಿನಿಂದ ಚಿಲಕ ಹಾಕಿತ್ತು. ಅವಳು ಮುಂದಿನ ಬಾಗಿಲಿಗೆ ಕೈಯೆತ್ತಿದಳು.